ಹತ್ತನೆಯ ಒಗೆತ

ಸಮೋವಾ, ಕುಕ್ ದ್ವೀಪದಂಥ ಕಡಲ ನಾಡುಗಳಿಂದ ವಲಸೆ ಬಂದವರೇ ತುಂಬಿರುವ ಒಟಾರಾದ ಶನಿವಾರದ ಸಂತೆಯಲ್ಲಿ ಟೀ ಶರ್ಟು ಮಾರುವವರಿಗೆ ಮಳೆಗಿಂತ ಫಾಲನಿಕೊನ ಭಯ ಹೆಚ್ಚು. ಮಳೆ ಬಂದರೆ ಪ್ಲಾಸ್ಟಿಕ್ ಹೊದಿಸಿಬಿಡಬಹುದು. ಈ ಮನುಷ್ಯ ಬಂದರೆ ಅಂಗಿಯ ಕೊರಳಪಟ್ಟಿಯನ್ನು ಎರಡು ಹೆಬ್ಬೆರಳಲ್ಲಿ ಎಳೆದು ನೋಡುತ್ತಾನೆ, ಚಿತ್ರದ ಮೇಲೆ ಉಗುರಿನಿಂದ ಗೀರುತ್ತಾನೆ, ಕೊನೆಗೆ ಮೂಗಿಗೆ ಹಿಡಿದು ಮೂಸುತ್ತಾನೆ. ಹೊಸ ಅಂಗಿಯನ್ನು ಮೂಸುವುದೆಂದರೇನಪ್ಪಾ ಎಂದು ನಾನೂ ಒಮ್ಮೆ ಕೇಳಿದ್ದೆ. ಅಚ್ಚಿನ ಶಾಯಿ ಕಾವಿನಲ್ಲಿ ಸರಿಯಾಗಿ ಬೆಂದಿರದಿದ್ದರೆ ವಾಸನೆಯೇ ಹೇಳುತ್ತದಂತೆ. ಇಪ್ಪತ್ತಾರು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ದುಡಿದವನು. ಅವನ ಮೂಗನ್ನು ಅನುಮಾನಿಸುವ ಯೋಗ್ಯತೆ ನನಗಿಲ್ಲ.

ದೊಡ್ಡ ಕಂಪನಿಗಳ ಅಂಗಿಯನ್ನು ಅವನು ಕಣ್ಣೆತ್ತಿಯೂ ನೋಡುವುದಿಲ್ಲ. ಗರಾಜಿನಲ್ಲಿ, ಅಡುಗೆಮನೆಯಲ್ಲಿ, ಚರ್ಚಿನ ಹಿಂದಿನ ಕೋಣೆಯಲ್ಲಿ ತಾವೇ ಚಿತ್ರ ಬರೆದು ತಾವೇ ಅಚ್ಚು ಹಾಕುವ ಸಣ್ಣವರನ್ನು ಹುಡುಕಿಕೊಂಡು ಹೋಗುತ್ತಾನೆ. ತಂದ ಅಂಗಿಯನ್ನು ಮೊದಲ ದಿನ ಫೋನಿನ ಮುಂದೆ ಹಿಡಿದು ಒಂದೆರಡು ಮಾತು ಹೇಳಿ ವಿಡಿಯೊವನ್ನು ಜಾಲಕ್ಕೆ ಹಾಕುತ್ತಾನೆ. ಅಸಲು ತೀರ್ಪು ಹತ್ತು ಸಲ ತೊಟ್ಟು, ಹತ್ತು ಸಲ ಒಗೆದ ಮೇಲೆ. ಅದಕ್ಕೇ ಅವನ ಪುಟದ ಹೆಸರು ‘ಹತ್ತನೆಯ ಒಗೆತ’. ಅಂಕದ ಬದಲು ಐದಕ್ಕೆ ಇಷ್ಟು ಎಂದು ಬಟ್ಟೆ ಒಣಗಿಸುವ ಕ್ಲಿಪ್ಪು ಕೊಡುತ್ತಾನೆ. ಸುವಾ ಎಂಬ ಊರಿನ ಒಬ್ಬಳು ಹಾರುವ ಮೀನು ಬಿಡಿಸಿದ್ದ ಅಂಗಿಗೆ ನಾಲ್ಕು ಕ್ಲಿಪ್ಪು ಸಿಕ್ಕಿದ್ದನ್ನು ಸಂತೆಯವರು ಇನ್ನೂ ಹೇಳಿಕೊಳ್ಳುತ್ತಾರೆ. ಆರು ವರ್ಷಗಳಲ್ಲಿ ಐದನೆಯ ಕ್ಲಿಪ್ಪು ಯಾರಿಗೂ ದಕ್ಕಿರಲಿಲ್ಲ.

ಈ ಹುಚ್ಚು ಹಿಡಿದದ್ದು ಹೆಂಡತಿ ಸಿವಾವೊ ತೀರಿಕೊಂಡಾಗ. ಇಲ್ಲಿಯವರ ರೂಢಿಯಂತೆ ಮನೆಯವರೆಲ್ಲ ಅವಳ ಮುಖ ಅಚ್ಚಾದ ಟೀ ಶರ್ಟು ತೊಟ್ಟು ಮಣ್ಣಿಗೆ ಹೋಗಿದ್ದರು. ಮೂರನೆಯ ಒಗೆತಕ್ಕೇ ಸಿವಾವೊಳ ಕೆನ್ನೆ ಬಿರುಕು ಬಿಟ್ಟಿತು. ಐದನೆಯದಕ್ಕೆ ಒಂದು ಕಣ್ಣು ಹೋಯಿತು. ಫಾಲನಿಕೊ ಆ ಅಂಗಿಯನ್ನು ಫೋನಿನ ಮುಂದೆ ಹಿಡಿದು ಅಚ್ಚು ಹಾಕಿದವನಿಗೆ ಹಿಗ್ಗಾಮುಗ್ಗಾ ಬೈದ. ಅದೇ ಅವನ ಮೊದಲ ವಿಮರ್ಶೆ. ಯಾರ್ಯಾರೋ ನೋಡಿದರು, ಅತ್ತರು, ಮುಂದಿನದು ಯಾವಾಗ ಎಂದು ಕೇಳಿದರು. ಯಾರೂ ಏನೂ ಕೇಳದ ಮನೆಯಲ್ಲಿ ಕೂತವನಿಗೆ ಅಷ್ಟು ಸಾಕಾಯಿತು.

ಮಂಡಿನೋವಿಗೆ ಕೆಲಸ ಬಿಟ್ಟ ಮೇಲಂತೂ ಒಟಾರಾಕ್ಕೆ ಹತ್ತಿರದ ಮಾಂಗೆರೆಯ ತನ್ನ ಮೂರು ಕೋಣೆಯ ಮನೆಯಲ್ಲಿ ಅವನು ಮಾತಾಡುವುದು ಅಂಗಿಗಳ ಜೊತೆ ಮಾತ್ರ. ಭಾನುವಾರ ಚರ್ಚು ಮುಗಿಸಿ ಬಂದು ಟಾರೋ ಎಂಬ ಕೆಸವಿನ ಗೆಡ್ಡೆಯನ್ನೂ ತೆಂಗಿನ ಹಾಲಿನ ಸೊಪ್ಪನ್ನೂ ಒಬ್ಬನೇ ಬಡಿಸಿಕೊಳ್ಳುತ್ತಾನೆ. ಮೂರು ಜನರಿಗಾಗುವಷ್ಟು ಬೇಯಿಸುವುದು ಕೈಗೆ ಕೂತುಹೋಗಿದೆ. ಬುಧವಾರದವರೆಗೂ ಅದನ್ನೇ ತಿನ್ನುತ್ತಾನೆ.

ಮಗಳೊಬ್ಬಳಿದ್ದಾಳೆ, ಲಿತಾರ. ಇದ್ದಾಳೆ ಎನ್ನುವುದಷ್ಟೇ ಗೊತ್ತು. ಅವಳು ಶಾಲೆಗೆ ಸೇರಿದ ವರ್ಷ ಫಾಲನಿಕೊ ಮನೆಯಲ್ಲಿ ತಮ್ಮ ತಾಯಿನುಡಿಯಾದ ಸಮೋವಾ ಮಾತನ್ನು ನಿಲ್ಲಿಸಿಬಿಟ್ಟಿದ್ದ. ಇಂಗ್ಲಿಷು ಚೆನ್ನಾಗಿ ಬರಲಿ, ತನ್ನಂತೆ ಹೊಲಸು ಹಾಸಿಗೆ ಬಟ್ಟೆಗಳ ನಡುವೆ ಬಾಳು ಸವೆಸದಿರಲಿ ಎಂಬುದು ಅವನ ಲೆಕ್ಕ. ಮಗು ಸಮೋವಾ ಮಾತಿನಲ್ಲಿ ನೀರು ಕೇಳಿದರೆ ಕೇಳಿಸದವನಂತೆ ಕೂರುತ್ತಿದ್ದ. ಗಂಡಹೆಂಡತಿ ಮಾತ್ರ ಕೋಣೆಯ ಬಾಗಿಲು ಹಾಕಿಕೊಂಡು ತಮ್ಮ ಮಾತಿನಲ್ಲಿ ಪಿಸುಗುಟ್ಟುತ್ತಿದ್ದರು. ಅದು ಬಾಗಿಲು ಹಾಕಿಕೊಂಡು ಆಡುವ ಮಾತು ಎಂದೇ ಲಿತಾರ ಬೆಳೆದಳು.

ತಾಯಿಯ ಮಣ್ಣಿನ ದಿನ ಅವಳು ಸಮೋವಾ ಮಾತಿನ ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಂಡು ಎಲ್ಲರೆದುರು ಎದ್ದು ನಿಂತಿದ್ದಳು. ಎರಡನೆಯ ವಾಕ್ಯದಲ್ಲೇ ನಾಲಿಗೆ ತಡವರಿಸಿ ಏನೋ ಅಪಭ್ರಂಶವಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಫಾಲನಿಕೊನ ಮಾನ ಹೋದಂತಾಯಿತು.

"ಮಾತು ಬರ್ದಿದ್ರೆ ಸುಮ್ನೆ ಕೂತ್ಕೊ," ಎಂದ.

ಅವಳು ಕೂತಳು. ಮಾರನೆಯ ದಿನ ಬೆಳಿಗ್ಗೆ ಮನೆಯಲ್ಲಿರಲಿಲ್ಲ. ಆಸ್ಟ್ರೇಲಿಯಾಕ್ಕೆ ಹೋದಳಂತೆ, ಊರು ಯಾವುದೋ. ಇವನು ಮಾಡಿದ ಫೋನು ಎತ್ತಲಿಲ್ಲ, ಆಮೇಲೆ ನಂಬರೂ ಬದಲಾಯಿತು. ಅವಳು ಒಂದು ಸಲ ಮಾತಾಡಿದರೆ ಸಾಕು, ಬೈದರೂ ಸರಿ ಎಂದು ಅವನು ಆರು ವರ್ಷ ಕಾದಿದ್ದಾನೆ. ಕಾದಿದ್ದೇನೆಂದು ಯಾರ ಬಳಿಯೂ ಬಾಯಿ ಬಿಟ್ಟವನಲ್ಲ. ಹಟಮಾರಿ.

ಕಳೆದ ಮಾರ್ಚಿನ ಒಂದು ಶುಕ್ರವಾರ ಬ್ರಿಸ್ಬೇನಿನಿಂದ ಒಂದು ಕಟ್ಟು ಬಂತು. ‘ಹಿಂಬಾಗಿಲು’ ಎಂಬ ಹೊಸ ಲೇಬಲ್ಲು, ಅವನು ಹೆಸರೇ ಕೇಳಿರಲಿಲ್ಲ. ಕಪ್ಪು ಟೀ ಶರ್ಟು. ಎದೆಯ ಮೇಲೆ ಮೆಟ್ಟಿಲು, ಮೆಟ್ಟಿಲ ಮೇಲೆ ದೋಣಿಯಂಥ ಒಂದು ಜೊತೆ ರಬ್ಬರ್ ಚಪ್ಪಲಿ. ಎಡಗಾಲಿನದರ ಉಂಗುಷ್ಠ ಕಿತ್ತುಹೋಗಿ, ಬ್ರೆಡ್ಡಿನ ಚೀಲದ ಬಾಯಿ ಬಿಗಿಯುವ ಪ್ಲಾಸ್ಟಿಕ್ ಬಿಲ್ಲೆ ಸಿಕ್ಕಿಸಿ ರಿಪೇರಿ ಮಾಡಿದ್ದು ಕಾಣುತ್ತಿತ್ತು. ಇಲ್ಲಿ ಯಾರ ಮನೆಯ ಚಪ್ಪಲಿ ತಿರುಗಿಸಿ ನೋಡಿದರೂ ಆ ಬಿಲ್ಲೆ ಇದ್ದೇ ಇರುತ್ತದೆ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದೇ ಪದ: ತಮ. ಜೊತೆಗಿದ್ದ ಚೀಟಿಯಲ್ಲಿ, ಹತ್ತು ಸಲ ಒಗೆದು ಹೇಳಿ ಎಂದಷ್ಟೇ ಬರೆದಿತ್ತು.

ಫಾಲನಿಕೊ ಎಳೆದ, ಗೀರಿದ, ಮೂಸಿದ. ಎಲ್ಲಿಯೂ ಐಬಿರಲಿಲ್ಲ. ಅದೇ ಅವನಿಗೆ ಸ್ವಲ್ಪ ಸಿಟ್ಟು ತರಿಸಿತೋ ಏನೋ. ತೊಟ್ಟು ನೋಡಿದರೆ ಅಂಗಿ ಮೊಣಕಾಲಿಗೆ ಬಂತು. ನಾಲ್ಕು ಎಕ್ಸೆಲ್ಲು! ಸಿವಾವೊ ಇದ್ದ ಕಾಲದಲ್ಲಿ ಅವನು ಅಷ್ಟು ಗಾತ್ರಕ್ಕಿದ್ದದ್ದು ನಿಜ. ಈಗ ಅದರಲ್ಲಿ ಅರ್ಧ ಇಳಿದುಹೋಗಿದ್ದಾನೆ.

ಶನಿವಾರ ಸಂತೆಗೆ ಅದನ್ನು ಒಯ್ದು ಮಾಮಾ ತೆರೆ ಎಂಬಾಕೆಗೆ ತೋರಿಸಿದ; ಮಾಮಾ ಎಂದರೆ ಇಲ್ಲಿ ಅಮ್ಮ. ಕುಕ್ ದ್ವೀಪದ ಈ ಮುದುಕಿ ಅಚ್ಚು ಹಾಕುವ ಹುಡುಗರ ಅಂಗಿಗಳನ್ನೆಲ್ಲ ತನ್ನ ಮೇಜಿನ ಮೇಲೆ ಹರವಿ ಮಾರಿಕೊಡುತ್ತಾಳೆ. ಫಾಲನಿಕೊನನ್ನು ಜಡ್ಜ್ ಸಾಹೇಬ ಎಂದು ಕರೆದು ಕಾಡಿಸುವ ಧೈರ್ಯ ಅವಳೊಬ್ಬಳಿಗೇ. ಅವಳು ಅಂಗಿಯನ್ನು ಅವನ ಹೆಗಲಿಗೆ ಹಿಡಿದು ನೋಡಿ, ಚಿತ್ರವನ್ನೊಮ್ಮೆ ನೋಡಿ, ತಲೆಯಾಡಿಸಿದಳು.

"ನೀನ್ ದಪ್ಪಗಿದ್ದಾಗ ನೋಡಿದೋರು ಯಾರೋ ಕಳ್ಸಿದಾರೆ ಕಣೋ," ಎಂದಳು.

ಅವನು ನಕ್ಕು ಮನೆಗೆ ಬಂದ. ಆ ಮಾತು ಅವನ ತಲೆಗೆ ಹತ್ತಲೇ ಇಲ್ಲ. ಮಧ್ಯಾಹ್ನ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಶುರುಮಾಡಿದ. ಇದರೊಳಗೆ ಇನ್ನೊಬ್ಬನನ್ನು ಬಾಡಿಗೆಗೆ ಇಡಬಹುದು ಎಂದು ಮೊದಲು ಅಳತೆಯನ್ನು ಗೇಲಿ ಮಾಡಿದ. ಆಮೇಲೆ ಪದಕ್ಕೆ ಬಂದ. ಸಮೋವಾ ಬರಹದಲ್ಲಿ ಕೊನೆಯ ಅಕ್ಷರದ ತಲೆಯ ಮೇಲೆ ಅಡ್ಡಗೆರೆ ಎಳೆದರೆ ಅದು ತಮಾ, ಅಂದರೆ ಅಪ್ಪ. ಗೆರೆ ಇಲ್ಲದಿದ್ದರೆ ತಮ, ಅಂದರೆ ಹುಡುಗ. ನಮ್ಮ ಕನ್ನಡದಲ್ಲಿ ದೀರ್ಘ ಬಿಟ್ಟರೆ ಅರ್ಥ ಕೆಡುವುದಿಲ್ಲವೇ, ಹಾಗೆ. ನಿಜ ಹೇಳಬೇಕೆಂದರೆ ಆ ಗೆರೆಯನ್ನು ಅರ್ಧಕ್ಕರ್ಧ ಜನ ಬಿಟ್ಟೇ ಬರೆಯುತ್ತಾರೆ, ಓದುವವರು ಸುಧಾರಿಸಿಕೊಳ್ಳುತ್ತಾರೆ. ಫಾಲನಿಕೊ ಸುಧಾರಿಸಿಕೊಳ್ಳಲಿಲ್ಲ.

"ಹುಡುಗ ಅಂತೆ. ಹುಡುಗನಿಗೆ ಇಷ್ಟ್ ದೊಡ್ಡ ಚಪ್ಪಲೀನಾ? ಅಪ್ಪ ಯಾರು, ಹುಡುಗ ಯಾರು ಗೊತ್ತಿಲ್ಲ ಈ ಪುಣ್ಯಾತ್ಮಂಗೆ. ಮಾತು ಬರ್ದಿದ್ರೆ ಬರೀ ಚಿತ್ರ ಬರ್ಕೊಂಡು ಸುಮ್ನೆ ಇರ್ಬೇಕಪ್ಪ," ಎಂದ.

ಸಂಜೆಯೊಳಗೆ ಮುನ್ನೂರು ಜನ ನಕ್ಕಿದ್ದರು. ಮರುದಿನ ಭಾನುವಾರ. ಇಲ್ಲಿ ದೇವರ ದಿನ ಬಟ್ಟೆ ಒಗೆಯುವುದೆಂದರೆ ಪಾದ್ರಿಯ ಹೆಂಡತಿ ಹುಬ್ಬೇರಿಸುವಂಥ ಪಾಪ. ಹಾಗಾಗಿ ಅಂಗಿ ಕುರ್ಚಿಯ ಬೆನ್ನ ಮೇಲೆ ಹಾಗೇ ಬಿದ್ದಿತ್ತು, ಜನ ಇನ್ನೊಂದು ದಿನ ಪೂರ್ತಿ ನಗುತ್ತಲೇ ಇದ್ದರು.

ಸೋಮವಾರ ಬೆಳಿಗ್ಗೆ ಅದನ್ನು ಮಿಷನ್ನಿಗೆ ಹಾಕಲು ಒಳಹೊರಗು ಮಾಡಿದಾಗ, ಒಳಮೈಯಲ್ಲಿ, ಕೆಳಗಿನ ಅಂಚಿನ ಹತ್ತಿರ, ಒಗೆಯುವ ಸೂಚನೆ ಕಂಡಿತು. ಇರುವೆಯಷ್ಟು ಸಣ್ಣ ಅಕ್ಷರ. ಅವನು ಕನ್ನಡಕ ಹಾಕಿಕೊಂಡು ಓದಿದ: ತಿರುವಿ ಹಾಕು, ತಣ್ಣೀರು ಬಿಡು, ಬಟ್ಟೆಯ ಜೊತೆ ಜಗಳಕ್ಕೆ ಹೋಗಬೇಡ.

ಅದು ಅವನದೇ ಮಾತು. ಎಂಟು ವರ್ಷದ ಲಿತಾರಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಶಾಲೆಯ ಅಂಗಿ ಒಗೆಯುವುದನ್ನು ಕಲಿಸುವಾಗ ಹೇಳಿದ್ದು. ಹಿಂಬಾಗಿಲ ಪಕ್ಕದಲ್ಲಿ, ಇದೇ ಮಿಷನ್ನಿನ ಮುಂದೆ. ಈ ಭೂಮಿಯ ಮೇಲೆ ಇನ್ನಾರಿಗೂ ಅವನು ಅದನ್ನು ಹೇಳಿರಲಿಲ್ಲ.

ಅವನು ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತ. ಪಕ್ಕದಲ್ಲಿ ಅವನ ಚಪ್ಪಲಿಗಳಿದ್ದವು, ಎಡಗಾಲಿನದಕ್ಕೆ ನೀಲಿ ಬಿಲ್ಲೆ. ಮಗಳು ಆರು ವರ್ಷವೂ ತನ್ನನ್ನು ನೋಡುತ್ತಿದ್ದಳು. ಶಾಯಿ ಎಷ್ಟು ಬೇಯಬೇಕು, ಕೊರಳು ಹೇಗಿರಬೇಕು ಎಂದು ತಾನು ಊರಿಗೆಲ್ಲ ಹೇಳಿದ್ದನ್ನು ಕೇಳಿ ಕೇಳಿ ಕಲಿತಿದ್ದಳು. ಅಪ್ಪ ಕಲಿಸಿದ್ದೆಲ್ಲ ಸರಿಯಾಗಿತ್ತು. ಕಲಿಸದೆ ಬಿಟ್ಟದ್ದೊಂದೇ ತಪ್ಪಾಗಿತ್ತು. ಅದಕ್ಕೆ ತಾನು ಮತ್ತೆ ನಾಲ್ಕು ಜನರೆದುರು ಅದೇ ಮಾತು ಆಡಿದ್ದ: ಬರದಿದ್ದರೆ ಸುಮ್ಮನಿರು. ಫಾಲನಿಕೊ ಬಾಯಿಗೆ ಅಂಗಿ ಒತ್ತಿಕೊಂಡು ಅತ್ತ.

ಆ ಕ್ಷಣವೇ ‘ಹಿಂಬಾಗಿಲು’ ಪುಟಕ್ಕೆ ನಾಲ್ಕು ಸಾಲು ಬರೆದು ಕಳಿಸಬಹುದಿತ್ತಲ್ಲ? ಬರೆದ, ಅಳಿಸಿದ. ಮತ್ತೆ ಬರೆದ, ಮತ್ತೆ ಅಳಿಸಿದ. ಹೇಡಿ, ಬೇರೆ ಮಾತಿಲ್ಲ. ತಾನು ಆಡಿದ್ದನ್ನು ತೆಗೆದುಹಾಕಲೂ ಅವನಿಗೆ ಮನಸ್ಸಾಗಲಿಲ್ಲ. ತೆಗೆದರೆ ಆಡಿಯೇ ಇಲ್ಲವೆಂಬಂತೆ ನಟಿಸಿದ ಹಾಗಾಗುತ್ತದೆ ಎನ್ನಿಸಿತು. ಕೊನೆಗೆ ಅವಳು ಕೇಳಿದ್ದನ್ನೇ ಮಾಡೋಣ ಎಂದು ನಿಶ್ಚಯಿಸಿದ. ಹತ್ತು ಸಲ ಒಗೆದು ಹೇಳಿ ಎಂದಿದ್ದಾಳೆ. ಹೇಳೋಣ.

ದಿನವೂ ತೊಟ್ಟ, ದಿನವೂ ಒಗೆದ. ಮೊಣಕಾಲಿಗೆ ಜೋಲುವ ಅಂಗಿಯಲ್ಲಿ ಅಂಗಡಿಗೆ ಹೋದ, ಬೇಕರಿಗೆ ಹೋದ. ಆರನೆಯ ದಿನ ಬಸ್ ನಿಲ್ದಾಣದಲ್ಲಿ ಸಮೋವಾದ ಒಬ್ಬ ಮುದುಕ ಅವನ ಎದೆಯನ್ನೂ ನರೆತ ತಲೆಯನ್ನೂ ನೋಡಿ, ಯಾರ ಮನೆ ಹುಡುಗನಪ್ಪಾ ನೀನು ಎಂದು ಛೇಡಿಸಿದ.

"ನನ್ ಮಗಳು ಬರ್ದಿದ್ದು," ಎಂದ ಫಾಲನಿಕೊ.

ನನ್ನ ಮಗಳು ಎಂಬ ಮಾತು ಅವನ ಬಾಯಿಂದ ಆರು ವರ್ಷಗಳಲ್ಲಿ ಮೊದಲ ಸಲ ಬಂದದ್ದು. ಮುದುಕನಿಗೆ ಅದೇನು ಗೊತ್ತು. ಬಸ್ಸು ಬಂತು, ಹತ್ತಿ ಹೋದ.

ಮುಂದಿನ ವಾರದ ಗುರುವಾರಕ್ಕೆ ಹತ್ತು ಒಗೆತ ತುಂಬಿತು. ಚಿತ್ರ ಒಂದು ಕೂದಲೆಳೆ ಬಿರಿದಿರಲಿಲ್ಲ, ಕೊರಳು ಸಡಿಲವಾಗಿರಲಿಲ್ಲ. ಅವನು ಅದನ್ನು ತೊಟ್ಟುಕೊಂಡೇ ಫೋನಿನ ಮುಂದೆ ಕೂತ. ಬಟ್ಟೆಯ ಬಗ್ಗೆ ಹೇಳಬೇಕಾದ್ದನ್ನೆಲ್ಲ ಎಂದಿನಂತೆ ಹೇಳಿದ, ಐದು ಕ್ಲಿಪ್ಪನ್ನೂ ಒಂದೊಂದಾಗಿ ಅಂಗಿಯ ಅಂಚಿಗೆ ಸಿಕ್ಕಿಸಿದ. ಆಮೇಲೆ ಎದೆಯ ಮೇಲಿನ ಪದಕ್ಕೆ ಬೆರಳಿಟ್ಟ.

"ಇದ್ರಲ್ಲಿ ಒಂದ್ ಗೆರೆ ಇಲ್ಲ ಅಂತ ನಕ್ಕೆ ನಾನು. ಬರ್ದೋರ್ ತಪ್ಪಲ್ಲ ಅದು. ಮಗೂಗೆ ನಮ್ ಮಾತು ಹೇಳ್ಕೊಡ್ಬೇಕಾಗಿದ್ದ ಒಬ್ಬ ಅಪ್ಪ ಇದ್ದ. ಅವ್ನು ಬಾಯ್ ಮುಚ್ಚಿಸ್ದ. ಎರಡ್ ಸಲ ಮುಚ್ಚಿಸ್ದ. ಸುಮ್ನೆ ಕೂರ್ಬೇಕಾಗಿದ್ದೋನು ನಾನು."

ಅಷ್ಟು ಹೇಳಿ ಫೋನು ಆರಿಸಿದ. ಜನ ಈ ಸಲವೂ ನೂರಾರು ಮಾತು ಬರೆದರು. ಅವನು ಒಂದೊಂದನ್ನೂ ಓದಿದ. ಬೇಕಾದ್ದು ಅದರಲ್ಲಿರಲಿಲ್ಲ. ಶುಕ್ರವಾರ ಇರಲಿಲ್ಲ, ಶನಿವಾರ ಇರಲಿಲ್ಲ. ಸಂತೆಗೂ ಹೋಗಲಿಲ್ಲ. ಭಾನುವಾರ ಚರ್ಚಿನಿಂದ ಬಂದು ಮೂರು ಜನರ ಅಡುಗೆ ಮಾಡಿಟ್ಟು, ತಟ್ಟೆಗೆ ಕೈ ಹಚ್ಚದೆ ಕೂತಿದ್ದಾಗ ಫೋನು ಟಿಣ್ ಎಂದಿತು. ‘ಹಿಂಬಾಗಿಲು’ ಪುಟದಿಂದ. ಅಂಗಡಿಯವರು ಗಿರಾಕಿಗೆ ಬರೆಯುವಂತೆಯೇ ಇತ್ತು.

"ಅಳತೆ ತಪ್ಪಾಗಿದ್ದಕ್ಕೆ ಕ್ಷಮಿಸಿ. ಬೇರೆ ಅಂಗಿ ಕಳಿಸುತ್ತೇವೆ. ಈಗ ನಿಮ್ಮ ಅಳತೆ ಎಷ್ಟು?"

‘ಈಗ’ ಎಂಬಲ್ಲಿ ಅವನ ಕಣ್ಣು ನಿಂತಿತು. ಎದ್ದು ಹೋಗಿ ಸಿವಾವೊಳ ಹೊಲಿಗೆ ಪೆಟ್ಟಿಗೆಯಿಂದ ಅಳತೆ ಟೇಪು ತಂದ. ಎದೆಗೆ ಸುತ್ತಿದರೆ ಬೆನ್ನಲ್ಲಿ ಜಾರಿತು. ಗೋಡೆಗೆ ಒರಗಿ ಹಿಡಿದ, ಆಗಲೂ ಜಾರಿತು. ತನ್ನ ಎದೆಯ ಸುತ್ತಳತೆಯನ್ನು ತಾನೊಬ್ಬನೇ ತೆಗೆದುಕೊಳ್ಳುವುದು ಎಷ್ಟು ಕಷ್ಟವೆಂದು ಅಷ್ಟು ವರ್ಷ ಬಟ್ಟೆಯ ಜೊತೆ ಬಾಳಿದವನಿಗೆ ಅವತ್ತು ತಿಳಿಯಿತು. ಯಾವುದೋ ಒಂದು ಅಳತೆ ಬರೆದು ಕಳಿಸಬಹುದಿತ್ತು. ಕಳಿಸಲಿಲ್ಲ.

ಕೂತು ಮೊದಲು ಸಮೋವಾ ಮಾತಿನಲ್ಲಿ ಬರೆದ. ಎಲ್ಲೆಲ್ಲಿ ಗೆರೆ ಬೇಕೋ ಅಲ್ಲೆಲ್ಲ ಎಳೆದ, ಒಂದನ್ನೂ ಬಿಡಲಿಲ್ಲ. ಅದರ ಕೆಳಗೆ, ಮಗುವಿಗೆ ಹೇಳಿಕೊಡುವವನಂತೆ, ಪ್ರತಿ ಪದದ ಅರ್ಥವನ್ನೂ ಇಂಗ್ಲಿಷಿನಲ್ಲಿ ಬರೆದ.

"ಒಬ್ನೇ ಅಳತೆ ತಗೊಳಕ್ಕೆ ಆಗ್ತಿಲ್ಲ. ನೀನೇ ಬಂದು ಅಳೀತೀಯಾ?"

ಕೊನೆಯಲ್ಲಿ ಸಹಿ. ಆ ಪದಕ್ಕೆ ಮಾತ್ರ ಅವನು ಗೆರೆ ಎಳೆಯಲಿಲ್ಲ. ಅಂಗಿಯ ಮೇಲಿದ್ದ ಹಾಗೆಯೇ, ತಮ ಎಂದಷ್ಟೇ ಬರೆದ. ಆ ಗೆರೆಯನ್ನು ತಾನೇ ಎಳೆದುಕೊಳ್ಳುವ ಹಕ್ಕು ತನಗಿಲ್ಲ, ಎಳೆಯುವುದಿದ್ದರೆ ಅವಳು ಎಳೆಯಲಿ ಎಂದು ಅವನಿಗನ್ನಿಸಿತ್ತು.

ಕಳಿಸಿ, ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟ. ಟೇಪನ್ನು ಸುತ್ತಿಡದೆ ಮೇಜಿನ ಮೇಲೇ ಬಿಟ್ಟು, ತಣ್ಣಗಾದ ಊಟಕ್ಕೆ ಕೂತ.