ಕೋಣೆಗೆ ಕಣ್ಣು ಕೂರಿಸಿದ ಮೇಸ್ತ್ರಿ

ವೈರು ಸುಲಿದೂ ಸುಲಿದೂ ಮೇಸ್ತ್ರಿಯ ಮುಂದಿನ ಹಲ್ಲಿನಲ್ಲಿ ಕಚ್ಚು ಬಿದ್ದಿತ್ತು. ಕಟರ್ ತಂದುಕೊಟ್ಟೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಮತ್ತೆ ಹಲ್ಲಿನಲ್ಲೇ ಸುಲಿದರು. ಬೆಸಗರಹಳ್ಳಿಯವರು. ಮಂಡ್ಯದಲ್ಲಿ ನಾನು ಒಳಾಂಗಣ ವಿನ್ಯಾಸದ ಕೆಲಸ ಶುರುಮಾಡಿದ ದಿನದಿಂದ ಜೊತೆಗಿದ್ದರು. ಮನುಷ್ಯ ಮಿಸುಕಿದರೆ ದೀಪ ಹತ್ತುವ, ಗೋಡೆಯಲ್ಲಿ ಚಿತ್ರ ಮೂಡುವ ಕೋಣೆಗಳು ನನ್ನ ಹುಚ್ಚು. "ಗೋಡೆಗೆ ಜೀವ ತುಂಬಕ್ಕೆ ಒಂಟವ್ಳೆ ನಮ್ಮವ್ವ" ಎಂದು ರೇಗಿಸುತ್ತಲೇ ಏಣಿ ಹತ್ತುತ್ತಿದ್ದರು.

ಕೊಪ್ಪದಲ್ಲಿ ಲಕ್ವ ಹೊಡೆದು ಮಾತು ನಿಂತಿದ್ದ ಅಜ್ಜಿಯೊಬ್ಬರಿಗೆ ಅಂಥ ಕೋಣೆ ಮಾಡಿದೆವು. ಅಜ್ಜಿ ಅಲುಗಾಡಿದರೆ ಎದುರು ಗೋಡೆಯ ಮೇಲೆ ಅವರದೇ ಗದ್ದೆ, ಅವರದೇ ಹಸುಗಳ ವಿಡಿಯೊ ಬರಬೇಕು. ಚಿತ್ರ ಚೆನ್ನಾಗಿ ಕಾಣಲೆಂದು ಕಿಟಕಿಗೆ ದಪ್ಪ ಪರದೆ ಹಾಕಿಸಿದ್ದೆ. ವಾರ ಬಿಟ್ಟು ಹೋದರೆ ಅಜ್ಜಿ ಹಗಲಲ್ಲೂ ಕತ್ತಲೆಯಲ್ಲಿ ಮಲಗಿದ್ದರು. ಅಲುಗಾಟ ಹಿಡಿಯಲೆಂದು ಸೂರಿಗೆ ಹಾಕಿದ್ದ ಸೆನ್ಸರ್‌ಗೆ ಅವರ ಸಣ್ಣ ಮಿಸುಕಾಟ ಕಂಡೇ ಇರಲಿಲ್ಲ. "ಎಲ್ಲಾನೂ ಕಿತ್ಕಂಡು ಓಗಿ" ಎಂದರು ಮಗ. ನನಗೂ ಸಾಕಾಗಿತ್ತು. ಕೀಳಲು ಮೇಸ್ತ್ರಿಯನ್ನೇ ಕರೆದೆ.

ಅವರು ಏಣಿ ಮುಟ್ಟಲಿಲ್ಲ. ಪರದೆ ಸರಿಸಿ, ಅಜ್ಜಿಯ ಮಂಚದ ಪಕ್ಕ ಮೊಣಕಾಲೂರಿ ಕೂತವರು ಒಂದು ಗಂಟೆಯಾದರೂ ಏಳಲಿಲ್ಲ. ನಾನು ಸಿಡುಕಿದೆ.

"ಸುಮ್ನಿರವ್ವ, ನೋಡ್ತಾವ್ನಿ. ಎಡಗೈ ಬೆಳ್ಳೊಂದು ಆಡ್ತದೆ. ಅಳತೆ ತಗೊಳೋವಾಗ ಈವಮ್ಮನ ತಾವು ಒಂದ್ ಗಳಿಗೆ ಕುಂತಿದ್ಯಾ?"

ಕೂತಿರಲಿಲ್ಲ. ನಾಚಿಕೆಯಾಯಿತು.

ಸೂರಿನ ಸೆನ್ಸರ್ ಬಿಟ್ಟು, ಮುಟ್ಟಿದರೆ ಅರಿಯುವ ಪಟ್ಟಿಯೊಂದನ್ನು ಆ ಬೆರಳಿನ ಕೆಳಗೆ ಕೂರಿಸಿದೆವು. ಬೆರಳು ಆಡಿತು. ಗೋಡೆಯ ಮೇಲೆ ಹಸುಗಳು ಬಂದವು. ಅಜ್ಜಿ ಬೆರಳಾಡಿಸಿ ಅವುಗಳನ್ನು ಮತ್ತೆ ಮತ್ತೆ ಕರೆಸಿಕೊಂಡರು. ಮಗ ಜಗಲಿಗೆ ಹೋಗಿ ಅತ್ತರು.

ಆಮೇಲೆ ಬಂದದ್ದೆಲ್ಲ ಮದ್ದೂರು, ಮಳವಳ್ಳಿಯ ಕಲ್ಯಾಣ ಮಂಟಪಗಳ ಕೆಲಸ. ಹಾಡಿಗೆ ತಕ್ಕಂತೆ ಗೋಡೆ ಕುಣಿಯಬೇಕು, ಅಷ್ಟೇ. ಮಾಡಿ ಮಾಡಿ ದಣಿದಿದ್ದೇನೆ.

ಹೋದ ವರ್ಷ ಮೇಸ್ತ್ರಿಯೇ ಹಾಸಿಗೆ ಹಿಡಿದರು. ನೋಡಲು ಹೋದವಳು, ದೀಪ ತಾನೇ ಹತ್ತುವಂತೆ ಅವರ ಕೋಣೆಗೂ ಸೆನ್ಸರ್ ಹಾಕುತ್ತೇನೆಂದೆ. ಹೆಂಡತಿ ಅಡುಗೆಮನೆಯಲ್ಲಿರುವುದನ್ನು ಖಚಿತಪಡಿಸಿಕೊಂಡು, ದನಿ ತಗ್ಗಿಸಿ ಹೇಳಿದರು:

"ಬ್ಯಾಡ ಕಣವ್ವ. ಈಗ ಲೈಟ್ ಆಕಕ್ಕೆ ಅಂತ ಇವ್ಳು ಬತ್ತಾಳೆ, ಬಂದೋಳು ಎರಡು ಮಾತಾಡ್ತಾಳೆ. ಅದು ತಾನಾಗೇ ಅತ್ಕಂಬುಟ್ರೆ ಯಾಕ್ ಬಂದಾಳು?"

ಹಾಕಲಿಲ್ಲ. ಹದಿನೈದು ದಿನಕ್ಕೆ ತೀರಿಕೊಂಡರು.

ಈಗ ಯಾವ ಮನೆಗೆ ಹೋದರೂ, ಆ ಕೋಣೆಯೊಳಗೆ ಯಾರು ಯಾರನ್ನು ನೋಡಲು ಬರುತ್ತಾರೆ ಎಂದು ಮೊದಲು ಕೇಳುತ್ತೇನೆ. ಮನೆಯವರು ಹೇಳಿದ್ದು ಕೇಳಿ, ಕೆಲವು ಸಲ ಏನೂ ಹಾಕದೆ ವಾಪಸು ಬಂದಿದ್ದೇನೆ.