ಬಣ್ಣ ಬಳಿಯದ ಆನೆ

ಹೋದ ವಾರ ಮಿಕ್ಸಿ ರಿಪೇರಿಗೆ ಕೊಡೋಣ ಅಂತ ವಿಜಯನಗರದ ಒಂದು ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಯಾವುದೋ ವೈರ್‌ಗೆ ಬೆಸುಗೆ ಹಾಕ್ತಿದ್ದ. ಆ ಕಾದ ಲೋಹದ ವಾಸನೆ ಮೂಗಿಗೆ ಬಡಿದದ್ದೇ ತಡ, ಮಿಕ್ಸಿ ಅಲ್ಲೇ ಇಟ್ಟು ಹೊರಗೆ ಬಂದು ನಿಂತೆ. ನಮ್ಮ ಮಹಡಿ ಮನೆ ಸಾರ್ ಕೋಣೆಯಿಂದ ಬರ್ತಿದ್ದದ್ದು ಇದೇ ವಾಸನೆ...

ಬಸವೇಶ್ವರನಗರದ ನಮ್ಮ ಮನೆ ಮಹಡಿಗೆ ಅವರು ಬಾಡಿಗೆಗೆ ಬಂದಾಗ ಆಗಷ್ಟೇ ರಿಟೈರ್ ಆಗಿದ್ದರು. ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ಬರೀತಿದ್ದವರು. ಗಂಡ ಹೆಂಡತಿ ಇಬ್ಬರೇ. ಮಗಳು ಮದುವೆಯಾಗಿ ದೀಪಾಂಜಲಿ ನಗರದಲ್ಲಿದ್ದಳು. ಸಾಮಾನು ಇಳಿಸುವಾಗ ಒಂದು ಪೆಟ್ಟಿಗೆಯನ್ನ ಮಾತ್ರ ಯಾರ ಕೈಗೂ ಕೊಡದೆ ಎದೆಗವಚಿಕೊಂಡು ಮೆಟ್ಟಿಲು ಹತ್ತಿದರು. ಒಡವೆ ಇರಬೇಕು ಅಂದ್ಕೊಂಡೆ. ನೋಡಿದರೆ ಬೆರಳುದ್ದದ ಸಿಪಾಯಿಗಳು! ಅಯ್ಯೋ ರಾಮ, ಈ ವಯಸ್ಸಲ್ಲಿ ಗೊಂಬೆಯಾಟವಾ ಸಾರ್ ಅಂತ ನಕ್ಕೆ. ಅವರೂ ನಕ್ಕರು.

ಆಟವೇ ಅದು. ಭಾನುವಾರ ಇಬ್ಬರು ಸ್ನೇಹಿತರು ಬರ್ತಿದ್ದರು. ಊಟದ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಎರಡು ಸೈನ್ಯ ನಿಲ್ಲಿಸಿ, ಟೇಪಲ್ಲಿ ಅಳೆದು, ದಾಳ ಹಾಕಿ, ಎಂದೋ ಮುಗಿದ ಯುದ್ಧವನ್ನ ಮತ್ತೆ ಆಡೋದು. ಸಾರ್‌ಗೆ ಬೇಕಾಗಿದ್ದು ಶ್ರೀರಂಗಪಟ್ಟಣದ ಸೈನ್ಯ. ಅದು ಎಲ್ಲೂ ಸಿಗ್ತಿರಲಿಲ್ಲ. ಹಾಗಾಗಿ ಪರದೇಶದ ಸಿಪಾಯಿಗಳ ಟೋಪಿ ಕತ್ತರಿಸಿ, ಪೈಪು ಸೋರಿದರೆ ಮೆತ್ತುವ ಎಪಾಕ್ಸಿಯಲ್ಲಿ ರುಮಾಲು ಸುತ್ತೋರು. ಅಂಗಿ ಮೇಲೆ ಹುಲಿಪಟ್ಟೆ ಬರೆಯೋಕೆ ಬ್ರಷ್ಷಿನ ತುದಿಯನ್ನ ನಾಲಿಗೆಯಲ್ಲೇ ಚೂಪು ಮಾಡ್ಕೊಳ್ಳೋರು. ಬಣ್ಣ ಹೊಟ್ಟೆಗೆ ಹೋಗುತ್ತೆ ಸಾರ್ ಅಂದರೆ, ನಂದು ಗಟ್ಟಿಪಿಂಡ ಕಣಮ್ಮ ಅನ್ನೋರು.

ಫಿರಂಗಿ ಎಳೆಯುವ ಆನೆ, ಎತ್ತುಗಳನ್ನ ಹೀಗೆ ಕತ್ತರಿಸಿ ಅಂಟಿಸಿ ಮಾಡೋಕೆ ಆಗ್ತಿರಲಿಲ್ಲ. ಅವನ್ನ ತಾವೇ ಸೀಸದಲ್ಲಿ ಎರಕ ಹೊಯ್ದರು. ಗುಜರಿಯಿಂದ ಸೀಸದ ತುಂಡು ತಂದು, ಕೋಣೆಯಲ್ಲೇ ಸ್ಟೌ ಮೇಲೆ ಕರಗಿಸಿ, ಅಚ್ಚಿಗೆ ಹೊಯ್ದು, ಆರಿದ ಮೇಲೆ ಕಿಟಕಿ ಪಕ್ಕ ನೆಲದ ಮೇಲೆ ಕೂತು ಅರದಲ್ಲಿ ಉಜ್ಜೋರು. ಬೂದು ಪುಡಿ ಸಣ್ಣಗೆ ಉದುರ್ತಿತ್ತು. ಕರಗಿಸುವಾಗ ಮಾತ್ರ ಯಾರನ್ನೂ ಒಳಗೆ ಬಿಡ್ತಿರಲಿಲ್ಲ. "ಹೊಗೆ ವಿಷ ಕಣಮ್ಮ. ಆರಿದ ಮೇಲೆ ಬರೀ ಲೋಹ, ಏನೂ ಮಾಡಲ್ಲ." ಅದನ್ನ ಅವರು ಮನಸಾರೆ ನಂಬಿದ್ದರು.

ಮಗಳು ಬಾಣಂತನಕ್ಕೆ ಬಂದಳು. ಮಹಡಿಯಲ್ಲಿ ಬೆಳಗಿನ ಬಿಸಿಲು ಬೀಳೋದು ಆ ಕೋಣೆಗೆ ಮಾತ್ರ. ಸಾರ್ ಸೈನ್ಯವನ್ನೆಲ್ಲ ಹಾಲಿನ ಮೂಲೆಗೆ ಸಾಗಿಸಿ ಕೋಣೆ ಬಿಟ್ಟುಕೊಟ್ಟರು. ನೆಲ ತೊಳೆದರು, ಸಾಂಬ್ರಾಣಿ ಹಾಕಿದರು. ಹೆಣ್ಣು ಮಗು ಹುಟ್ಟಿತು. ಅಳಿಯನಿಗೆ ಬೇರೆ ಊರಲ್ಲಿ ಕೆಲಸ ಬಿದ್ದದ್ದರಿಂದ ತಾಯಿ ಮಗು ಇಲ್ಲೇ ಉಳಿದರು. ಮಗು ಆ ಕೋಣೆಯಲ್ಲೇ ಬೋರಲು ಬಿತ್ತು, ಅಂಬೆಗಾಲಿಟ್ಟಿತು. ಕಿಟಕಿ ಕೆಳಗಿನ ನೆಲದ ಸಂದಿಗಳಲ್ಲಿ ಬೆರಳಾಡಿಸೋದು, ಆ ಬೆರಳು ಬಾಯಿಗೆ ಹಾಕೋದು...

ಹಲ್ಲು ಬರೋ ಕಾಲ ಬೇರೆ. ಒಂದಿನ ಮೇಲೆ ಹೋದರೆ, ಮಗು ಒಂದು ಸೀಸದ ಆನೆಯನ್ನ ವಸಡಲ್ಲಿ ಕಚ್ಚಿ ಕಚ್ಚಿ ಜೊಲ್ಲು ಸುರಿಸ್ತಾ ಇದೆ. ಸಾರ್, ಬಣ್ಣ ಅಂತ ಕಿತ್ಕೊಳ್ಳೋಕೆ ಹೋದೆ. ಅವರು ತಡೆದರು.

"ನಂಗೆ ಗೊತ್ತಿಲ್ವೇನಮ್ಮ? ಅದಕ್ಕೇ ಬಣ್ಣ ಬಳೀದೇ ಇರೋದನ್ನ ಹುಡುಕಿ ಕೊಟ್ಟಿದೀನಿ."

ಎಷ್ಟು ಹುಷಾರಿನ ಮನುಷ್ಯ ಅಂದ್ಕೊಂಡೆ.

ಆಮೇಲಾಮೇಲೆ ಮಗು ಮಂಕಾಯ್ತು. ತುತ್ತು ಬಾಯಿಗಿಟ್ಟರೆ ಮುಖ ತಿರುಗಿಸ್ತಿತ್ತು, ಹೊಟ್ಟೆ ಮುದುರಿಕೊಂಡು ಅಳ್ತಿತ್ತು. ಅಜ್ಜಿ ದೃಷ್ಟಿ ತೆಗೆದರು. ಡಾಕ್ಟರ್ ಟಾನಿಕ್ ಬರೆದರು. ಹೊಸದಾಗಿ "ತಾತ" ಅನ್ನೋಕೆ ಕಲಿತಿದ್ದ ಮಗು ಅದನ್ನೂ ಬಿಟ್ಟಿತು. ಸಾರ್ ಪಾಪ, ಅದನ್ನ ಹೆಗಲ ಮೇಲೆ ಹಾಕ್ಕೊಂಡು ಹಾಲಿನಲ್ಲಿ ಶತಪಥ ಹಾಕೋರು. ಎಷ್ಟು ಮಾಡಿದರೂ ಅಳು ನಿಲ್ಲದಿದ್ದರೆ ಅದೇ ಆನೆಯನ್ನ ಕೈಗೆ ಕೊಡೋರು.

ಕೊನೆಗೆ ದೊಡ್ಡ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಸೀಸ ಅಂತ ಬಂತು. ಮನೆಯಲ್ಲಿ ಹಳೇ ಬ್ಯಾಟರಿ ಏನಾದರೂ ಇದೆಯಾ ಅಂತ ಡಾಕ್ಟರ್ ಕೇಳಿದಾಗ, ಮಗಳು ತಿರುಗಿ ಅಪ್ಪನ ಮುಖ ನೋಡಿದಳಂತೆ. ಆಸ್ಪತ್ರೆಯಿಂದ ಮಗುವನ್ನ ನೇರ ದೀಪಾಂಜಲಿ ನಗರದ ಅತ್ತೆಮನೆಗೆ ಕರ್ಕೊಂಡು ಹೋದಳು.

ಮಗು ಉಳೀತು. ಮಾತು ಮಾತ್ರ ಸರಾಗವಾಗಿ ಬರಲೇ ಇಲ್ಲ. ಒಂದೊಂದು ಪದಕ್ಕೂ ತಡಕಾಡಬೇಕು. ಸಾರ್ ತಮ್ಮ ಸೈನ್ಯವನ್ನ ಮಾರಲಿಲ್ಲ, ಬಿಸಾಡಲೂ ಇಲ್ಲ. ಇನ್ಯಾವುದಾದರೂ ಮಗುವಿನ ಕೈಗೆ ಸಿಕ್ಕಿಬಿಟ್ಟರೆ ಅಂತ, ಡಬ್ಬಗಳಿಗೆ ತುಂಬಿ ಮೇಲೆ ಸಿಮೆಂಟು ಹೊಯ್ದು ಮುಚ್ಚಿದರು. ಭಾನುವಾರದ ಸ್ನೇಹಿತರೂ ಬರೋದು ಬಿಟ್ಟರು.

ಮಗಳ ಕೋಪ ಇಳಿದು ಮತ್ತೆ ಬಂದು ಹೋಗಿ ಮಾಡೋ ಹೊತ್ತಿಗೆ ಮಗು ಓಡಾಡ್ತಿತ್ತು. ತಾತನ ಕಡೆ ಓಡಿ ಬಂದರೆ ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿಬಿಡೋರು. ತಪ್ಪಿ ಮುಟ್ಟಿದರೆ ಮುಗೀತು. "ಕೈ ತೊಳಿಸೇ, ಬೇಗ ತೊಳಿಸೇ!" ಅಂತ ಹೆಂಡತಿಗೆ ಕೂಗಿ, ತಾವೂ ಬಚ್ಚಲಿಗೆ ಓಡಿ ಚರ್ಮ ಕಿತ್ತು ಬರೋ ಹಾಗೆ ಕೈ ಉಜ್ಜೋರು. ಸಾಯೋವರೆಗೂ ಒಂದೇ ಒಂದು ಸಲ ಮಗುವನ್ನ ಎತ್ಕೊಳ್ಳಲಿಲ್ಲ. ನಂಗೆ ಉರಿದುಹೋಗ್ತಿತ್ತು. ಆಗಿದ್ದು ಆಯ್ತು, ಮಗು ಏನು ಪಾಪ ಮಾಡಿದೆ ಸಾರ್ ಅಂತ ಬಾಯಿಬಿಟ್ಟು ಬೈದೆ. ಕೇಳಿದರೆ ತಾನೆ.

ಅವರು ಹೋಗಿ ವರ್ಷಗಳಾದವು. ಹೆಂಡತಿ ಈಗ ಮಗಳ ಜೊತೆ ಇದ್ದಾರೆ. ಮಹಡಿ ಹಾಗೇ ಖಾಲಿ ಬಿದ್ದಿದೆ, ಮಕ್ಕಳಿರೋರಿಗೆ ಕೊಡೋಕೆ ನಂಗೆ ಧೈರ್ಯ ಬರಲ್ಲ. ಮೊನ್ನೆ ಅಜ್ಜಿ ಜೊತೆ ಮೊಮ್ಮಗಳೂ ಬಂದಿದ್ದಳು. ನನ್ನ ಭುಜದ ಎತ್ತರಕ್ಕೆ ಬೆಳೆದಿದ್ದಾಳೆ. ಕೋಡುಬಳೆ ಕೊಟ್ಟು, ಎಷ್ಟು ದೊಡ್ಡೋಳಾಗಿದೀಯೇ ಅಂತ ಕೆನ್ನೆ ಸವರಿದೆ.

"ಆಂಟಿ... ಕೈ... ತೊಳ್ಕೊಳ್ಳಿ" ಅಂದಳು.

ಯಾಕೆ ಪುಟ್ಟಾ ಅಂದೆ.

"ನನ್ನ... ಮುಟ್ಟಿದ್ರೆ... ತಾತ... ತೊಳ್ಕೋತಿದ್ರು."

ಅವಳನ್ನ ತಬ್ಬಿಕೊಂಡೆ. ತಾತ ಹೆದರ್ತಿದ್ದದ್ದು ನಿಂಗಲ್ಲ ಕಣೇ, ತಮ್ಮ ಕೈಗೇ ಹೆದರ್ತಿದ್ರು ಅಂದೆ. ಅವಳು ಹೂಂ ಅಂತ ತಲೆಯಾಡಿಸಿದಳು. ಆಮೇಲೆ ಮೆಲ್ಲಗೆ ಬಿಡಿಸ್ಕೊಂಡು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ನಾನು ಬರಲಿ ಅಂತ ಕಾದು ನಿಂತಳು.