ನಾಳೆ ಬನ್ನಿ ಎನ್ನುವ ಅಂಗಡಿ

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಂಥವಳಿಗೆ ವಿಜಯನಗರ ಮಾರ್ಕೆಟ್ಟಿನ ಹಿಂದಿನ ಲೇಡೀಸ್ ಟೈಲರ್ ಗಂಟುಬಿದ್ದದ್ದು ನನ್ನ ಕರ್ಮ. ಹೊಲಿಗೆ ಬಂಗಾರದಂಥದ್ದು, ಮಾತು ಮಾತ್ರ ನಂಬುವಂತಿರಲಿಲ್ಲ. ಯಾವಾಗ ಹೋದರೂ ನಾಳೆ ಬನ್ನಿ ಎನ್ನುತ್ತಿದ್ದಳು ಆಕೆ.

ಈಚೆಗೊಂದು ಬೇಸಿಗೆಯಲ್ಲಿ, ತಮ್ಮನ ಮಗಳ ನಿಶ್ಚಿತಾರ್ಥದ ಬ್ಲೌಸಿಗಾಗಿ ನಾಲ್ಕು ದಿನ ಅಲೆದೆ. ನಾಲ್ಕೂ ದಿನ ಅಲ್ಲೊಬ್ಬಳು ಹುಡುಗಿ ಸ್ಟೂಲಿನ ತುದಿಯಲ್ಲಿ ಕೂತಿರುತ್ತಿದ್ದಳು. ಮದುವೆಯಾಗಿ ಎರಡೋ ಮೂರೋ ವರ್ಷ ಆಗಿದ್ದೀತು. ಹೊಲಿಯಲು ಕೊಟ್ಟಿದ್ದು ಉದ್ದ ತೋಳಿನ ನೀಲಿ ಬ್ಲೌಸು, ಅದೂ ಆ ಸೆಕೆಯಲ್ಲಿ. ಟೈಲರ್ ಅವಳಿಗೂ ನಾಳೆ ಬಾ ಎನ್ನುವುದು, ಅವಳು ಬರುತ್ತೇನೆ ಎಂದು ಎದ್ದು ಹೋಗುವುದು.

ಐದನೆಯ ದಿನ ನೋಡುತ್ತೇನೆ, ಆ ನೀಲಿ ಬ್ಲೌಸು ಇಸ್ತ್ರಿಯಾಗಿ ಹ್ಯಾಂಗರಿನಲ್ಲಿ ನೇತಾಡುತ್ತಿದೆ! ನನ್ನ ಪಿತ್ತ ನೆತ್ತಿಗೇರಿತು. ಬಡಪಾಯಿಯನ್ನು ಯಾಕೆ ಹೀಗೆ ಅಲೆದಾಡಿಸುತ್ತೀಯೆಂದು ಟೈಲರನ್ನು ತರಾಟೆಗೆ ತೆಗೆದುಕೊಂಡು, ನಾನೇ ಬ್ಲೌಸನ್ನು ಎಳೆದು ಹುಡುಗಿಯ ಕೈಗಿಟ್ಟೆ. ಅವಳ ಮುಖ ಬಿಳುಚಿಕೊಂಡಿತು. ಸಂಕೋಚ ಇರಬೇಕೆಂದುಕೊಂಡೆ. ಬ್ಲೌಸನ್ನು ಮಡಚಿ ಹಿಡಿದುಕೊಂಡು ಅವಳು ಹೊರಟುಹೋದಳು.

ಟೈಲರ್ ಮಿಷನ್ ನಿಲ್ಲಿಸಿದಳು. ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ಎಷ್ಟೋ ವಾಸಿಯಿತ್ತು.

"ಅಳತೆ ತಗೊಳ್ಳೋವಾಗ ನೋಡ್ದೆ ಮೇಡಂ, ತೋಳೆಲ್ಲಾ ಏಟು ಬಿದ್ದು ಕಪ್ಪಾಗಿತ್ತು," ಎಂದಳು. "ಎರಡನೇ ದಿನ ಅವಳೇ ಹೇಳಿದ್ಳು, ಬದುಕಿರೋಕೇ ಇಷ್ಟ ಇಲ್ಲ ಅಂತ. ಗಂಡ ಅವಳನ್ನ ಮನೆಯಿಂದ ಆಚೆ ಬಿಡೋದು ಈ ಬ್ಲೌಸ್ ಒಂದಕ್ಕೇ. ಅದಕ್ಕೇ ನಾಳೆ ಬಾ ಅಂತೀನಿ. ಬರ್ತೀನಿ ಅಂತ ಅವಳ ಬಾಯಲ್ಲಿ ಹೇಳಿಸ್ಕೊಂಡೇ ಕಳಿಸ್ತೀನಿ."

ಹುಡುಗಿ ಕೂರುತ್ತಿದ್ದ ಸ್ಟೂಲಿನ ಮೇಲೆ ನಾನು ಕೂತೆ. ಆಮೇಲೆ ಒಂದೊಂದಾಗಿ ತಿಳಿಯಿತು. ಆ ಸುತ್ತಿನ ಟೈಲರುಗಳು, ಬ್ಯೂಟಿ ಪಾರ್ಲರಿನವರು ತಿಂಗಳಿಗೊಮ್ಮೆ ಸಮುದಾಯ ಭವನದಲ್ಲಿ ಸೇರುತ್ತಾರೆ. ನೊಂದ ಹೆಂಗಸರ ಜತೆ ಕೆಲಸ ಮಾಡುವ ಆಪ್ತಸಮಾಲೋಚಕಿಯೊಬ್ಬರು ಬಂದು ಹೇಳಿಕೊಡುತ್ತಾರೆ: ಏನನ್ನು ಗಮನಿಸಬೇಕು, ಸಾಯುವ ಯೋಚನೆ ಇದೆಯಾ ಎಂದು ಹೇಗೆ ನೇರವಾಗಿ ಕೇಳಬೇಕು, ಹೊಂದಿಕೊಂಡು ಹೋಗಮ್ಮ ಎಂದು ಯಾಕೆ ಹೇಳಬಾರದು. ಹೆಂಗಸರು ಮೈಮೇಲಿನ ಗಾಯ ಮುಚ್ಚಿಡಲಾಗದ ಜಾಗಗಳೆಂದರೆ ಇವೇ ಅಂಗಡಿಗಳಂತೆ. ಇಷ್ಟು ವರ್ಷ ಇಲ್ಲಿಗೇ ಬಂದು ಕಂಕುಳು ಬಿಗಿಯೆಂದು ಜಗಳ ಕಾಯುತ್ತಿದ್ದ ನನಗೆ ಇದರ ಸುಳಿವೇ ಇರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಈ ಟೈಲರಿನ ಮುಂದೆ ನಾನೇ ದಡ್ಡ ವಿದ್ಯಾರ್ಥಿಯಾಗಿದ್ದೆ.

ಆ ಸಮಾಲೋಚಕಿಯನ್ನು ಮಾರನೆಯ ದಿನ ಇದೇ ಅಂಗಡಿಯಲ್ಲಿ ಭೇಟಿಯಾಗಲು ಹುಡುಗಿ ಅಂತೂ ಒಪ್ಪಿದ್ದಳಂತೆ. ಬರಲು ಇದ್ದ ಒಂದೇ ನೆಪವನ್ನು ನಾನು ಅವಳ ಕೈಗಿಟ್ಟು ಕಳಿಸಿದ್ದೆ. ಫೋನ್ ಮಾಡೋಣವೆಂದರೆ ಅದು ಗಂಡನ ಬಳಿ. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ಈಗೇನು ಮಾಡುವುದೆಂದು ಕೇಳಿದೆ. ಆಕೆ ಸಮಾಲೋಚಕಿಗೆ ಫೋನ್ ಹಚ್ಚಿ ಗುಟ್ಟಾಗಿ ಮಾತಾಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಿಮಗೆ ಬೈಯೋಕೆ ಚೆನ್ನಾಗಿ ಬರುತ್ತಲ್ಲ ಮೇಡಂ. ನಾಳೆ ನನ್ನನ್ನ ಬೈಕೊಂಡು ಅವ್ರ ಮನೆಗೆ ಹೋಗಿ. ಬೇರೆ ಏನೂ ಮಾತಾಡ್ಬೇಡಿ."

ಅತ್ತಿಗುಪ್ಪೆಯಲ್ಲಿ ಅವಳ ಮನೆ, ಪ್ರಾವಿಜನ್ ಸ್ಟೋರಿನ ಮೇಲೆ. ಗಂಡನಿಗೆ ಆ ವಾರ ರಾತ್ರಿ ಪಾಳಿ, ಅವನೇ ಬಾಗಿಲು ತೆಗೆದ. ಕ್ಲಾಸಿನ ಗಂಟಲು ಕೈಕೊಡಲಿಲ್ಲ. ಆ ದರಿದ್ರ ಟೈಲರ್ ನನ್ನ ಬ್ಲೌಸಿನ ತೋಳನ್ನು ನಿಮ್ಮವರ ಬ್ಲೌಸಿಗೆ ಹಚ್ಚಿದ್ದಾಳೆ, ಇಬ್ಬರೂ ಹಾಕಿ ನೋಡಬೇಕಂತೆ, ನಾಡಿದ್ದು ನಮ್ಮನೆ ನಿಶ್ಚಿತಾರ್ಥ ಎಂದು ಮೆಟ್ಟಿಲ ಮೇಲೇ ಕೂಗಾಡಿದೆ. ಕೆಳಗಡೆ ಅಂಗಡಿಯವರು ಕತ್ತೆತ್ತಿ ನೋಡಿದರು. ಈ ಪೀಡೆ ತೊಲಗಿದರೆ ಸಾಕೆಂದು ಅವನು ಹೆಂಡತಿಯನ್ನು ಬೇಗ ಬಾ ಎಂದು ಕಳಿಸಿದ.

ಅಂಗಡಿಯಲ್ಲಿ ಪರದೆಯ ಹಿಂದೆ ಹುಡುಗಿಯೂ ಸಮಾಲೋಚಕಿಯೂ ಮುಕ್ಕಾಲು ಗಂಟೆ ಮಾತಾಡಿದರು. ಅಷ್ಟು ಹೊತ್ತೂ ಟೈಲರ್ ಒಂದು ಚಿಂದಿ ಬಟ್ಟೆಯ ಮೇಲೆ ಸುಮ್ಮನೆ ಮಿಷನ್ ಓಡಿಸುತ್ತಿದ್ದಳು, ಒಳಗಿನ ಮಾತು ಬೀದಿಗೆ ಕೇಳಬಾರದೆಂದು. ಇದನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಾರರು.

ಮುಂದಿನ ಎರಡು ವಾರ ಆ ನೀಲಿ ಬ್ಲೌಸು ಒಮ್ಮೆ ಬಿಗಿಯಾಯಿತು, ಒಮ್ಮೆ ಸಡಿಲವಾಯಿತು. ಸರಿಮಾಡಿಸಲು ತರುವ ಬಟ್ಟೆಯ ಮಡಿಕೆಯಲ್ಲಿ ಹುಡುಗಿ ಒಂದೊಂದೇ ಕಾಗದ ತಂದಳು: ಮಾರ್ಕ್ಸ್ ಕಾರ್ಡು, ಆಧಾರ್, ಪಾಸ್‌ಬುಕ್ಕು. ಅವೆಲ್ಲ ಟೈಲರಿನ ಗುಂಡಿ ಡಬ್ಬಿಗಳ ಹಿಂದೆ ಭದ್ರವಾಗಿದ್ದವು. ದೂರು ಕೊಡುವುದೋ ಬೇಡವೋ, ಯಾವತ್ತು ಹೊರಡುವುದು, ಎಲ್ಲಿಗೆ, ಎಲ್ಲವನ್ನೂ ಅವಳೇ ತೀರ್ಮಾನಿಸಿದಳು. ಯಾರೂ ಅವಸರ ಮಾಡಲಿಲ್ಲ. ನಾನಂತೂ ತುಟಿ ಬಿಚ್ಚಲಿಲ್ಲ, ನಮ್ಮ ಮನೆಯವರು ನಂಬಲಿಕ್ಕಿಲ್ಲ.

ಒಂದು ಬೆಳಿಗ್ಗೆ ಅವಳು ಕೆಂಗೇರಿಯ ಅಕ್ಕನ ಮನೆಗೆ ಹೊರಟಳು. ಜತೆಗೆ ಬರುತ್ತೀರಾ ಎಂದು ನನ್ನನ್ನೇ ಕೇಳಿದಳು. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತುವುದು ಬೇಡ, ಕಣ್ಣಿಗೆ ಬೀಳುತ್ತೀರಿ ಎಂದು ಟೈಲರ್ ನಮ್ಮನ್ನು ವಿಜಯನಗರದಲ್ಲೇ ಹತ್ತಿಸಿದಳು. ರೈಲು ಅತ್ತಿಗುಪ್ಪೆ ದಾಟುವವರೆಗೆ ಇಬ್ಬರೂ ತಲೆ ತಗ್ಗಿಸಿ ಕೂತಿದ್ದೆವು. ದಾಟಿದ ಮೇಲೆ, ಇಷ್ಟು ದಿನ ಹೇಳಲಾಗದೆ ಇಟ್ಟುಕೊಂಡಿದ್ದದ್ದನ್ನು ಹೇಳಿದೆ. ಅವತ್ತು ವಿಷಯ ತಿಳಿಯದೆ ಕೂಗಾಡಿ ನಿನ್ನ ಜೀವಕ್ಕೇ ಸಂಚಕಾರ ತಂದಿದ್ದೆ, ಕ್ಷಮಿಸಮ್ಮ ಎಂದೆ.

ಅವಳು ಮಡಿಲಲ್ಲಿದ್ದ ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

"ಅವತ್ತು ಮನೆಗೆ ಹೋಗಿ ರಾತ್ರಿಯೆಲ್ಲಾ ಅದನ್ನೇ ಯೋಚಿಸ್ತಿದ್ದೆ ಆಂಟಿ," ಎಂದಳು. "ನನಗೋಸ್ಕರ ಯಾರಾದ್ರೂ ಜಗಳ ಆಡಿದ್ದು ಅದೇ ಮೊದಲು."